ಫೈಲ್ ಹೋಗಿದೆ, ಕ್ಯಾಶ್ ಕಾಣುತ್ತಿಲ್ಲ: ಜಿಪಿಎಸ್ ಸೆಟ್ ಕೆಟ್ಟಿದೆಯೇ?

ಪ್ರಶ್ನೆ: ಸರ್, ನಾನು ಚಿತ್ರದುರ್ಗದಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕ. ಸ್ಕೌಟ್ ಮಕ್ಕಳಿಗೆ ಅಕ್ಷಾಂಶ, ರೇಖಾಂಶ ಕಲಿಸಲು ಜಿಯೋಕ್ಯಾಶಿಂಗ್ ಆಟ, ಅಂದರೆ ಯಾರೋ ಅಡಗಿಸಿಟ್ಟ ‘ಕ್ಯಾಶ್’ ಎಂಬ ಡಬ್ಬಿಯನ್ನು ಜಿಪಿಎಸ್ ಸ್ಥಾನ ಹಿಡಿದು ಹುಡುಕುವುದು, ಒಳ್ಳೆಯದೆಂದು ಆರಿಸಿಕೊಂಡೆ. ಜರ್ಮನಿಯಲ್ಲಿರುವ ನನ್ನ ಭಾಮೈದ ತಾನು ಬಳಸುತ್ತಿದ್ದ ಗಾರ್ಮಿನ್ ಈಟ್ರೆಕ್ಸ್ 20 ಎಂಬ ಕೈಯಲ್ಲಿ ಹಿಡಿಯುವ ಜಿಪಿಎಸ್ ಸೆಟ್ಟನ್ನು ದೀಪಾವಳಿಗೆ ಬಂದಾಗ ಕೊಟ್ಟು ಹೋದ. ಜಿಯೋಕ್ಯಾಶಿಂಗ್ ತಾಣದಲ್ಲಿ ಹಣ ಕಟ್ಟಿ ಸದಸ್ಯನಾಗಿ, ಪಾಕೆಟ್ ಕ್ವೆರಿ (ಬೇಕಾದ ಕ್ಯಾಶ್‌ಗಳ ಪಟ್ಟಿಯನ್ನು ಒಟ್ಟಿಗೆ ಕೇಳಿ ಪಡೆಯುವ ಸೌಲಭ್ಯ) ಮಾಡಿ ಫೈಲ್ ಇಳಿಸಿಕೊಂಡೆ. ಅದು ಜಿಪ್ ಆಗಿತ್ತು, ಹಾಗೆಯೇ ಸೆಟ್ಟಿಗೆ ಹಾಕಿದೆ. ಏನೂ ಕಾಣಲಿಲ್ಲ. ಆಮೇಲೆ ಬಿಚ್ಚಿ ಹಾಕಿದೆ. ಕೆಲವು ಬಾವುಟದ ಗುರುತುಗಳು ಬಂದವು, ಆದರೆ ‘ಜಿಯೋಕ್ಯಾಶಸ್’ ಮೆನು ಖಾಲಿ. ಗೆಳೆಯರೊಬ್ಬರು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಇನ್ನೊಂದು ಫೈಲ್ ಹಾಕಿದ ಮೇಲೆ ಸೆಟ್ ಲೋಗೋ ತೋರಿಸಿ ಅಲ್ಲೇ ನಿಂತಿತು. ಬ್ಯಾಟರಿ ತೆಗೆದು ಹಾಕಿದ ಮೇಲೆ ಹೇಗೋ ಎದ್ದಿತು. ಕಂಪ್ಯೂಟರ್ ಅಂಗಡಿಯವರು ಫಾರ್ಮ್ಯಾಟ್ ಮಾಡಿ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ವಿದೇಶಿ ಸೆಟ್ ಇಲ್ಲಿ ನಡೆಯುವುದಿಲ್ಲ ಎನ್ನುತ್ತಾರೆ. ಫಾರ್ಮ್ಯಾಟ್ ಮಾಡಲೇ? ಅಥವಾ ಇದನ್ನು ಪಕ್ಕಕ್ಕಿಟ್ಟು ಮೊಬೈಲಿನಲ್ಲೇ ಆಡಿಸಲೇ?

ಉತ್ತರ: ಮೇಷ್ಟ್ರೇ, ಮೊದಲು ಒಂದು ಕೆಲಸ ಮಾಡಬೇಡಿ. ಫಾರ್ಮ್ಯಾಟ್ ಮಾಡಬೇಡಿ. ಉಳಿದದ್ದೆಲ್ಲ ನಿಧಾನವಾಗಿ ನೋಡಬಹುದು.

ನೀವು ಬರೆದಿರುವುದನ್ನು ಓದಿದರೆ ಸೆಟ್ ಕೆಟ್ಟಿರುವ ಲಕ್ಷಣ ಒಂದೂ ಇಲ್ಲ. ಕಂಪ್ಯೂಟರಿಗೆ ಸೇರಿಸಿದರೆ ಡ್ರೈವ್ ಬರುತ್ತಿದೆ, ಫೈಲ್ ಹೋಗುತ್ತಿದೆ, ಬಾವುಟಗಳು ಕಾಣುತ್ತಿವೆ. ಅಂದರೆ ಯುಎಸ್‌ಬಿ ಕಿಂಡಿ, ಒಳಗಿನ ಮೆಮೊರಿ, ಫೈಲ್ ಓದುವ ವ್ಯವಸ್ಥೆ ಮೂರೂ ಕೆಲಸ ಮಾಡುತ್ತಿವೆ. ದಾವಣಗೆರೆಯಲ್ಲಿ ಸರ್ವೆ ಉಪಕರಣಗಳ ದುರಸ್ತಿ ಮಾಡುವ ನನ್ನ ಮೇಜಿಗೆ ‘ಫೈಲ್ ಹೋಗುತ್ತಿಲ್ಲ’ ಎಂದು ಬರುವ ಸೆಟ್ಟುಗಳಲ್ಲಿ ಹೆಚ್ಚಿನವಕ್ಕೆ ಸ್ಕ್ರೂಡ್ರೈವರ್ ಮುಟ್ಟಿಸಬೇಕಾಗಿಯೇ ಬರುವುದಿಲ್ಲ. ಗಾಳಿಯಂತ್ರದ ಜಾಗ ಗುರುತಿಸುವವರು, ತೋಟದ ಅಳತೆ ಮಾಡುವವರು, ನಿಮ್ಮಂತೆ ಹವ್ಯಾಸಕ್ಕೆ ಇಟ್ಟುಕೊಂಡವರು, ಎಲ್ಲರೂ ತರುವ ದೂರು ಒಂದೇ ಬಗೆಯದು: ಕಂಪ್ಯೂಟರ್ ‘ಕಾಪಿ ಆಯಿತು’ ಎಂದಿತು, ಸೆಟ್ ‘ಏನೂ ಇಲ್ಲ’ ಎನ್ನುತ್ತಿದೆ.

ಇವೆರಡೂ ನಿಜವೇ. ಫೈಲ್ ಸೆಟ್ಟಿನೊಳಗೆ ಬೀಳುವುದು ಒಂದು ಹಂತ. ಸೆಟ್ ಆನ್ ಆಗುವಾಗ ಅದನ್ನು ತೆರೆದು ಓದುವುದು ಎರಡನೆಯದು. ಓದಿದ್ದನ್ನು ಇದು ಜಿಯೋಕ್ಯಾಶ್ ಎಂದು ಗುರುತಿಸಿ ಆ ಮೆನುವಿನಲ್ಲಿ ಇಡುವುದು ಮೂರನೆಯದು. ಕಂಪ್ಯೂಟರಿಗೆ ಗೊತ್ತಿರುವುದು ಮೊದಲ ಹಂತ ಮಾತ್ರ. ನಿಮ್ಮ ಮೂರು ಪ್ರಯತ್ನಗಳೂ ಸೋತವು ನಿಜ, ಆದರೆ ಒಂದೊಂದು ಒಂದೊಂದು ಹಂತದಲ್ಲಿ ಸೋತಿದೆ. ಅದಕ್ಕೇ ಒಂದೇ ಮದ್ದು ಎಲ್ಲಕ್ಕೂ ಹಿಡಿಯಲಿಲ್ಲ.

ಮೊದಲು ವಿದೇಶಿ ಸೆಟ್ಟಿನ ಮಾತು ಮುಗಿಸೋಣ. ಜಿಪಿಎಸ್ ಉಪಗ್ರಹಗಳ ಸಂಕೇತ ಚಿತ್ರದುರ್ಗಕ್ಕೂ ಮ್ಯೂನಿಕ್ಕಿಗೂ ಒಂದೇ. ಈಟ್ರೆಕ್ಸ್ 20 ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್ ಉಪಗ್ರಹಗಳನ್ನೂ ಹಿಡಿಯುತ್ತದೆ. ಮೊಬೈಲ್ ಫೋನುಗಳಿಗೆ ಇರುವಂತೆ ದೇಶದ ಬೀಗ ಇದಕ್ಕಿಲ್ಲ. ಆದರೆ ನಿಮ್ಮ ಸಹೋದ್ಯೋಗಿಗೆ ಹಾಗೆ ಅನ್ನಿಸಲು ಕಾರಣವಿದೆ. ಸಾವಿರಾರು ಕಿಲೋಮೀಟರ್ ದಾಟಿ ಬಂದ ಸೆಟ್, ತಾನು ಕೊನೆಯ ಸಲ ಆಕಾಶ ನೋಡಿದ ಊರಿನಲ್ಲೇ ಇದ್ದೇನೆ ಎಂದುಕೊಂಡಿರುತ್ತದೆ. ಮನೆಯೊಳಗೆ ಕುಳಿತು ಆನ್ ಮಾಡಿದರೆ ಉಪಗ್ರಹ ಸಿಗುವುದಿಲ್ಲ, ಆ ನಂಬಿಕೆಯೂ ಬದಲಾಗುವುದಿಲ್ಲ. ಕ್ಯಾಶ್‌ಗಳ ಪಟ್ಟಿ ‘ಹತ್ತಿರದಿಂದ ದೂರಕ್ಕೆ’ ಜೋಡಣೆಯಾಗುವುದರಿಂದ ನಿಮ್ಮ ಭಾಮೈದನ ಹಳೆಯ ಜರ್ಮನ್ ಗುರುತುಗಳು ಮೇಲೆ, ಚಿತ್ರದುರ್ಗದವು ತಳದಲ್ಲಿ. ಹೊಸದು ಬಂದೇ ಇಲ್ಲ ಎಂದು ಅನ್ನಿಸಿದರೆ ಆಶ್ಚರ್ಯವಿಲ್ಲ. ಮಾಳಿಗೆಯ ಮೇಲೋ ಶಾಲೆಯ ಮೈದಾನದಲ್ಲೋ ತೆರೆದ ಆಕಾಶದ ಕೆಳಗೆ ಇಟ್ಟು ಕಾಲು ಗಂಟೆ ಬಿಡಿ. ಉಪಗ್ರಹಗಳ ಪೂರ್ಣ ವೇಳಾಪಟ್ಟಿ ಒಂದು ಸುತ್ತು ಪ್ರಸಾರವಾಗಲು 12.5 ನಿಮಿಷ ಬೇಕು, ಅದಕ್ಕೇ ಕಾಲು ಗಂಟೆ ಎನ್ನುತ್ತಿದ್ದೇನೆ. ಆಮೇಲೆ ಪಟ್ಟಿ ನೋಡಿ.

ಇಲ್ಲಿ ಒಂದು ಎಚ್ಚರ. ನೆಂಟರು ಕೊಡುವ ಸೆಟ್ ಗಾರ್ಮಿನ್ ‘ಇನ್‌ರೀಚ್’ ಜಾತಿಯದಾದರೆ, ಅಂದರೆ ಉಪಗ್ರಹದ ಮೂಲಕ ಸಂದೇಶ ಕಳುಹಿಸುವುದಾದರೆ, ಅದನ್ನು ಅನುಮತಿಯಿಲ್ಲದೆ ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ನಿಮ್ಮದು ಸಂಕೇತ ಸ್ವೀಕರಿಸುವ ಸೆಟ್ ಮಾತ್ರ, ಆ ಗುಂಪಿನದಲ್ಲ.

ಈಗ ಫಾರ್ಮ್ಯಾಟ್. ಸೆಟ್ಟಿನ ಡ್ರೈವ್ ನೋಡಲು ಪೆನ್ ಡ್ರೈವ್‌ನಂತೆ ಕಾಣುವುದರಿಂದ ಅಂಗಡಿಯವರು ಆ ಸಲಹೆ ಕೊಟ್ಟಿರಬೇಕು. ಆದರೆ ಅದರೊಳಗೆ ಸೆಟ್ಟಿಗೆ ಬೇಕಾದ ಮೂಲ ನಕ್ಷೆಯ ಫೈಲೂ, ಸೆಟ್ ತನ್ನ ಗುರುತನ್ನು ಕಂಪ್ಯೂಟರಿಗೆ ಹೇಳುವ ‘ಗಾರ್ಮಿನ್ ಡಿವೈಸ್’ ಎಂಬ ಫೈಲೂ ಇರುತ್ತವೆ. ಫಾರ್ಮ್ಯಾಟ್ ಒತ್ತಿದರೆ ಅವೂ ಹೋಗುತ್ತವೆ. ಆಮೇಲೆ ಕ್ಯಾಶ್ ಹುಡುಕುವುದಿರಲಿ, ಮೂಲ ನಕ್ಷೆಗೇ ಅಲೆಯಬೇಕು. ಇನ್ನೊಂದು ಸಂಗತಿ: ಗಾರ್ಮಿನ್ ಫೋಲ್ಡರಿನಲ್ಲಿ ‘ಜಿಯೋಕ್ಯಾಶ್ ವಿಸಿಟ್ಸ್’ ಎಂಬ ಸಣ್ಣ ಪಠ್ಯ ಫೈಲ್ ಇದ್ದರೆ ಅದರಲ್ಲಿ ನಿಮ್ಮ ಭಾಮೈದ ಹುಡುಕಿದ ಡಬ್ಬಿಗಳ ದಾಖಲೆ ಇರುತ್ತದೆ. ಅವರ ಪಾಲಿಗೆ ಅದು ಡೈರಿ. ಏನು ಮಾಡುವ ಮೊದಲೂ ಇಡೀ ಗಾರ್ಮಿನ್ ಫೋಲ್ಡರನ್ನು ಲ್ಯಾಪ್‌ಟಾಪಿಗೆ ಒಂದು ಪ್ರತಿ ತೆಗೆದಿಡಿ. ಮ್ಯಾಪ್ ಫೈಲುಗಳು ದೊಡ್ಡದಿದ್ದರೆ ಸಮಯ ಹಿಡಿಯುತ್ತದೆ, ಹಿಡಿಯಲಿ.

ಇನ್ನು ನಿಮ್ಮ ಮೂರು ಪ್ರಯತ್ನಗಳು.

ಮೊದಲನೆಯದರ ಉತ್ತರ ಸುಲಭ. ಸೆಟ್ಟಿಗೆ ಜಿಪ್ ಬಿಚ್ಚಲು ಬರುವುದಿಲ್ಲ. ಅದು ನೋಡುವುದು ಗಾರ್ಮಿನ್ ಫೋಲ್ಡರಿನ ಒಳಗಿರುವ ಜಿಪಿಎಕ್ಸ್ ಎಂಬ ಫೋಲ್ಡರನ್ನು, ಅದರಲ್ಲಿರುವ ಜಿಪಿಎಕ್ಸ್ ಫೈಲುಗಳನ್ನು, ಅಂದರೆ ಸ್ಥಾನಗಳನ್ನು ಬರೆದಿಡುವ ಬಗೆಯ ಫೈಲುಗಳನ್ನು ಮಾತ್ರ. ಡ್ರೈವ್‌ನ ಹೊರ ಅಂಗಳದಲ್ಲಿ ಫೈಲ್ ಹಾಕಿ ಕಾಯುವುದು ಹೊಸಪೇಟೆ ಬಸ್ಸು ನಿಲ್ಲುವಲ್ಲಿ ನಿಂತು ದಾವಣಗೆರೆ ಬಸ್ಸಿಗೆ ಕಾದಂತೆ. ಬಸ್ಸು ಬಂದಿರುತ್ತದೆ, ಹೋಗಿಯೂ ಇರುತ್ತದೆ.

ಎರಡನೆಯದು ಸ್ವಲ್ಪ ಸೂಕ್ಷ್ಮ. ಪಾಕೆಟ್ ಕ್ವೆರಿಯ ಜಿಪ್ ಬಿಚ್ಚಿದರೆ ಸಾಮಾನ್ಯವಾಗಿ ಎರಡು ಫೈಲುಗಳು ಬರುತ್ತವೆ. ಒಂದು ಬರೀ ಅಂಕಿಯ ಹೆಸರಿನದು ಅಥವಾ ಅಂಕಿಯ ಜೊತೆ ನೀವು ಕೊಟ್ಟ ಹೆಸರಿನದು. ಇನ್ನೊಂದು ಅದೇ ಹೆಸರಿನ ಕೊನೆಗೆ ‘ಡಬ್ಲ್ಯುಪಿಟಿಎಸ್’ ಎಂದು ಅಂಟಿಸಿಕೊಂಡದ್ದು. ಮೊದಲನೆಯದರಲ್ಲಿ ಕ್ಯಾಶ್‌ಗಳಿರುತ್ತವೆ: ಹೆಸರು, ವಿವರಣೆ, ಸುಳಿವು, ಹಿಂದೆ ಹುಡುಕಿದವರ ಟಿಪ್ಪಣಿ. ಎರಡನೆಯದರಲ್ಲಿ ಗಾಡಿ ನಿಲ್ಲಿಸುವ ಜಾಗ, ಕಾಲುದಾರಿ ಶುರುವಾಗುವ ಜಾಗದಂಥ ಹೆಚ್ಚುವರಿ ಬಿಂದುಗಳು. ಇವನ್ನು ಸೆಟ್ ಬಾವುಟಗಳಾಗಿ, ಅಂದರೆ ವೇ-ಪಾಯಿಂಟ್‌ಗಳಾಗಿ ತೋರಿಸುತ್ತದೆ. ಬಾವುಟ ಬಂದು ಕ್ಯಾಶ್ ಬಾರದಿದ್ದರೆ ನನ್ನ ಮೊದಲ ಅನುಮಾನ ಎಂದರೆ ಎರಡನೆಯ ಫೈಲ್ ಮಾತ್ರ ಹೋಗಿದೆ. ಅಥವಾ ಎರಡೂ ಹೋಗಿ ದೊಡ್ಡದು ಅರ್ಧಕ್ಕೆ ನಿಂತಿದೆ. ಸೆಟ್ಟಿನಲ್ಲಿರುವ ಫೈಲಿನ ಗಾತ್ರವನ್ನೂ ಲ್ಯಾಪ್‌ಟಾಪಿನಲ್ಲಿರುವುದರ ಗಾತ್ರವನ್ನೂ ಹೋಲಿಸಿ ನೋಡಿ. ಅಂಕಿ ಹೊಂದದಿದ್ದರೆ ಕಾಪಿ ಪೂರ್ತಿಯಾಗಿಲ್ಲ.

ಅರ್ಧಕ್ಕೆ ನಿಲ್ಲಲು ಮುಖ್ಯ ಕಾರಣ ಅವಸರ. ಪರದೆಯ ಮೇಲೆ ಹಸಿರು ಪಟ್ಟಿ ಮುಗಿಯಿತು ಎಂದ ಮಾತ್ರಕ್ಕೆ ಬರೆಯುವುದು ಮುಗಿದಿರಬೇಕೆಂದಿಲ್ಲ. ‘ಎಜೆಕ್ಟ್’ ಕೊಟ್ಟು, ತೆಗೆಯಬಹುದು ಎಂಬ ಸಂದೇಶ ಬಂದ ಮೇಲೆಯೇ ಕೇಬಲ್ ಎಳೆಯಿರಿ. ಇದು ಎಲ್ಲರಿಗೂ ಗೊತ್ತಿರುವ, ಯಾರೂ ಪಾಲಿಸದ ನಿಯಮ. ಎರಡನೆಯ ಕಾರಣ ಕೇಬಲ್. ಈಟ್ರೆಕ್ಸ್ 20ಕ್ಕೆ ಬೇಕಾದದ್ದು ಹಳೆಯ ಮಿನಿ ಯುಎಸ್‌ಬಿ. ಈಗಿನ ಮೊಬೈಲುಗಳದ್ದು ಅದಕ್ಕೆ ಕೂರುವುದಿಲ್ಲ. ಹಾಗಾಗಿ ಮನೆಯ ಹಳೆಯ ಡಬ್ಬದಿಂದ ಯಾವುದೋ ಒಂದು ಕೇಬಲ್ ಹೊರಬರುತ್ತದೆ. ಅವುಗಳಲ್ಲಿ ಕೆಲವು ಚಾರ್ಜಿಂಗಿಗೆ ಮಾತ್ರ ಮಾಡಿದವು, ಒಳಗೆ ಎರಡೇ ತಂತಿ. ಅಂಥದ್ದನ್ನು ಸೇರಿಸಿದರೆ ಸೆಟ್ ಸುಮ್ಮನೆ ಆನ್ ಆಗಿ ಮಾಮೂಲಿ ಮೆನು ತೋರಿಸುತ್ತದೆ. ಸರಿಯಾದ ಕೇಬಲ್ ಆದರೆ ಪರದೆಯ ಮೇಲೆ ಕಂಪ್ಯೂಟರಿಗೆ ಜೋಡಣೆಯಾದ ಚಿತ್ರ ಬರುತ್ತದೆ, ಗುಂಡಿಗಳು ಕೆಲಸ ಮಾಡುವುದಿಲ್ಲ. ಒಂದು ಅಪವಾದ: ಸೆಟ್ಟಿಂಗಿನಲ್ಲಿ ‘ಇಂಟರ್‌ಫೇಸ್’ ಎಂಬುದು ‘ಗಾರ್ಮಿನ್ ಸ್ಪ್ಯಾನರ್’ ಎಂದಿದ್ದರೆ ಮಾಸ್ ಸ್ಟೋರೇಜಿಗೆ ಹೋಗಲೇ, ಅಂದರೆ ಡ್ರೈವ್ ಆಗಿ ತೆರೆದುಕೊಳ್ಳಲೇ, ಎಂದು ಸೆಟ್ ಕೇಳುತ್ತದೆ. ಗಮನಿಸದೆ ‘ಬೇಡ’ ಎಂದರೆ ಡ್ರೈವ್ ಬರುವುದಿಲ್ಲ. ನಿಮ್ಮ ಡ್ರೈವ್ ಬರುತ್ತಿರುವುದರಿಂದ ನಿಮಗೆ ಇದು ಸದ್ಯಕ್ಕೆ ಬೇಡ. ಆದರೆ ಒಮ್ಮೆ ಬಂದು ಒಮ್ಮೆ ಬಾರದಿದ್ದರೆ ಯುಎಸ್‌ಬಿ ಹಬ್ ಬಿಟ್ಟು ಲ್ಯಾಪ್‌ಟಾಪಿಗೆ ನೇರವಾಗಿ ಸೇರಿಸಿ.

ಮೂರನೆಯದು, ವಾಟ್ಸ್ಆ್ಯಪ್ ಫೈಲ್. ಸೆಟ್ಟನ್ನು ನಿಲ್ಲಿಸಿದ್ದು ಬಹುಶಃ ಇದೇ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಇದನ್ನು ನೀವೇ ಮನೆಯಲ್ಲಿ ಪರೀಕ್ಷಿಸಬಹುದು.

ಜಿಪಿಎಕ್ಸ್ ಎಂಬುದು ಗೂಢ ಫೈಲ್ ಅಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದರೆ ಓದಲು ಬರುವ ಅಕ್ಷರಗಳೇ, ಎಕ್ಸ್ಎಂಎಲ್ ಎಂಬ ಕಟ್ಟುನಿಟ್ಟಿನ ವ್ಯಾಕರಣದಲ್ಲಿ ಬರೆದವು. ಆ ವ್ಯಾಕರಣ ಕ್ಷಮಿಸುವುದಿಲ್ಲ. ತೆರೆದ ಕೋನ ಆವರಣವೊಂದು ಮುಚ್ಚದಿದ್ದರೆ, ಅಥವಾ ಹೆಸರಿನ ಮಧ್ಯೆ ‘ಮತ್ತು’ ಎನ್ನುವ ಆ ಸುರುಳಿ ಚಿಹ್ನೆಯನ್ನು (&) ನೇರವಾಗಿ ಬಳಸಿದರೆ, ಇಡೀ ಫೈಲ್ ತಿರಸ್ಕೃತ. ‘ಕೋಟೆ ಮತ್ತು ಚಂದ್ರವಳ್ಳಿ’ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ಕೈ ತಾನೇ ಆ ಚಿಹ್ನೆಯತ್ತ ಹೋಗುತ್ತದೆ. ತಾಣದಿಂದ ನೇರವಾಗಿ ಇಳಿಸಿದ ಫೈಲಿನಲ್ಲಿ ಅದು ಸರಿಯಾದ ಸಂಕೇತವಾಗಿ ಬದಲಾಗಿರುತ್ತದೆ. ಕೈಯಾರೆ ತಿದ್ದಿದ ಅಥವಾ ಯಾವುದೋ ಸಣ್ಣ ಆ್ಯಪ್ ಮಾಡಿಕೊಟ್ಟ ಫೈಲಿನಲ್ಲಿ ಆಗಿರುವುದಿಲ್ಲ. ಸೆಟ್ ಎಲ್ಲಿ ತಪ್ಪಿದೆ ಎಂದು ಹೇಳುವಷ್ಟು ಮಾತುಗಾರನಲ್ಲ. ಹೆಚ್ಚಿನ ಸಲ ಸುಮ್ಮನೆ ಫೈಲ್ ಬಿಟ್ಟುಬಿಡುತ್ತದೆ, ಕೆಲವೊಮ್ಮೆ ಆನ್ ಆಗುವಾಗಲೇ ಸಿಕ್ಕಿಕೊಳ್ಳುತ್ತದೆ.

ಪರೀಕ್ಷೆ ಹೀಗೆ. ವಿಂಡೋಸಿನ ಫೈಲ್ ಎಕ್ಸ್‌ಪ್ಲೋರರಿನಲ್ಲಿ ‘ವ್ಯೂ’ ಮೆನುವಿಗೆ ಹೋಗಿ ಫೈಲ್ ಹೆಸರಿನ ಬಾಲ, ಅಂದರೆ ಎಕ್ಸ್‌ಟೆನ್ಷನ್, ಕಾಣುವಂತೆ ಮಾಡಿ. ಇಲ್ಲೇ ಅರ್ಧ ರೋಗ ಸಿಕ್ಕಿಬಿಡುವುದುಂಟು. ಮೊಬೈಲಿನಿಂದ ಬರುವ ದಾರಿಯಲ್ಲಿ ಫೈಲಿನ ಬಾಲಕ್ಕೆ ಇನ್ನೊಂದು ಬಾಲ ಬೆಳೆದು, ‘ಜಿಪಿಎಕ್ಸ್’ ಆದ ಮೇಲೆ ‘ಎಕ್ಸ್ಎಂಎಲ್’ ಎಂದೋ ‘ಟಿಎಕ್ಸ್‌ಟಿ’ ಎಂದೋ ಸೇರಿರುತ್ತದೆ. ಸೆಟ್ ಕೊನೆಯ ಬಾಲವನ್ನೇ ನೋಡುವುದು. ಅದು ಸರಿಯಿದ್ದರೆ ಫೈಲಿನ ಇನ್ನೊಂದು ಪ್ರತಿ ಮಾಡಿ, ಆ ಪ್ರತಿಯ ಬಾಲವನ್ನು ‘ಎಕ್ಸ್ಎಂಎಲ್’ ಎಂದು ಬದಲಿಸಿ, ಕ್ರೋಮ್ ಅಥವಾ ಎಡ್ಜ್ ಕಿಟಕಿಗೆ ಎಳೆದು ಬಿಡಿ. ವ್ಯಾಕರಣ ಸರಿಯಿದ್ದರೆ ಇಡೀ ಫೈಲ್ ಮರದ ಕೊಂಬೆಗಳಂತೆ ಹರಡಿಕೊಂಡು ಕಾಣುತ್ತದೆ. ತಪ್ಪಿದ್ದರೆ ಮೇಲ್ಗಡೆ ಎಷ್ಟನೆಯ ಸಾಲು, ಎಷ್ಟನೆಯ ಅಕ್ಷರ ಎಂದು ಸಮೇತ ದೋಷ ಬರುತ್ತದೆ. ಗಣಿತ ಮೇಷ್ಟ್ರಿಗೆ ಇದಕ್ಕಿಂತ ಹೆಚ್ಚಿನ ಸುಳಿವು ಬೇಕಿಲ್ಲ. ದೋಷ ಫೈಲಿನ ಕಟ್ಟಕಡೆಯ ಸಾಲಿನಲ್ಲಿದ್ದರೆ ಅದು ಅರ್ಧಕ್ಕೆ ತುಂಡಾದ ಫೈಲ್, ಮತ್ತೆ ಇಳಿಸಿಕೊಳ್ಳುವುದೇ ಮೇಲು.

ವ್ಯಾಕರಣವೂ ಸರಿ, ಆದರೆ ಮೆನು ಖಾಲಿ ಎಂದರೆ ಮೂರನೆಯ ಹಂತ. ನೋಟ್‌ಪ್ಯಾಡಿನಲ್ಲಿ ತೆರೆದು ‘ಗ್ರೌಂಡ್‌ಸ್ಪೀಕ್’ ಎಂಬ ಇಂಗ್ಲಿಷ್ ಪದ ಹುಡುಕಿ. ಜಿಯೋಕ್ಯಾಶಿಂಗ್ ತಾಣ ನಡೆಸುವ ಸಂಸ್ಥೆಯ ಹೆಸರು ಅದು. ಕ್ಯಾಶ್‌ನ ಬಗೆ, ಕಷ್ಟದ ಮಟ್ಟ, ಸುಳಿವು ಇವೆಲ್ಲ ಆ ಹೆಸರಿನ ಅಡಿಯಲ್ಲಿಯೇ ಬರೆದಿರುತ್ತವೆ. ಆ ಪದವೇ ಇಲ್ಲದಿದ್ದರೆ ಆ ಫೈಲ್ ಬರೀ ಬಿಂದುಗಳ ಪಟ್ಟಿ. ಗೂಗಲ್ ನಕ್ಷೆಯಲ್ಲಿ ಗುರುತು ಹಾಕಿ ಪರಿವರ್ತಿಸಿದ್ದಿರಬಹುದು, ಹಣ ಕಟ್ಟದ ಸದಸ್ಯರಿಗೆ ಸಿಗುತ್ತಿದ್ದ ಹಳೆಯ ‘ಎಲ್ಒಸಿ’ ಫೈಲಿನಿಂದ ಮಾಡಿದ್ದಿರಬಹುದು. ಸೆಟ್ ಅದನ್ನು ಬಾವುಟವಾಗಿ ತೋರಿಸಿದರೆ ಅದರ ತಪ್ಪಲ್ಲ. ಆ ಬಾವುಟ ಹಿಡಿದು ಜಾಗಕ್ಕೆ ಹೋಗಬಹುದು, ಸುಳಿವು ಮಾತ್ರ ಕಾಗದದಲ್ಲಿ ಬರೆದುಕೊಳ್ಳಬೇಕು. ಮಕ್ಕಳಿಗೆ ಅದೇ ಚೆನ್ನ ಎಂದೂ ನನಗನ್ನಿಸುತ್ತದೆ. ಹಾಗೆಯೇ ವಿವರಣೆ ಕನ್ನಡದಲ್ಲಿದ್ದರೆ ಈ ಹಳೆಯ ಸೆಟ್ಟಿನಲ್ಲಿ ಅಕ್ಷರಗಳು ಓದಲು ಬರುವುದಿಲ್ಲ, ಕನ್ನಡದ ಅಕ್ಷರರೂಪ ಅದರಲ್ಲಿಲ್ಲ. ಅದನ್ನು ಫೈಲ್ ಕೆಟ್ಟಿದೆ ಎಂದು ಭಾವಿಸಬೇಡಿ.

ಗೆಳೆಯರ ಫೈಲಿನಲ್ಲಿ ಇನ್ನೊಂದನ್ನೂ ಪರಿಶೀಲಿಸಿ. ಜಿಯೋಕ್ಯಾಶಿಂಗಿನವರು ಸ್ಥಾನವನ್ನು ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿ ಬರೆಯುತ್ತಾರೆ, ಗೂಗಲ್ ನಕ್ಷೆ ಬರೀ ದಶಮಾಂಶ ಡಿಗ್ರಿಯಲ್ಲಿ ಕೊಡುತ್ತದೆ. ಚಿತ್ರದುರ್ಗದ ಸುತ್ತಿನ 14.2250 ಡಿಗ್ರಿ ಎಂದರೆ 14 ಡಿಗ್ರಿ 13.500 ನಿಮಿಷ. ಯಾರಾದರೂ ಅದನ್ನು 14 ಡಿಗ್ರಿ 22.500 ನಿಮಿಷ ಎಂದು ಬರೆದುಕೊಂಡರೆ ಒಂಬತ್ತು ನಿಮಿಷದ ವ್ಯತ್ಯಾಸ. ಅಕ್ಷಾಂಶದ ಒಂದು ನಿಮಿಷ ಸುಮಾರು 1.85 ಕಿಲೋಮೀಟರ್. ಕೋಟೆಯ ತಪ್ಪಲಿನಲ್ಲಿ ಇರಬೇಕಾದ ಡಬ್ಬಿ ಹದಿನಾರೂವರೆ ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ ಹೋಗಿ ಯಾರದೋ ಮೆಕ್ಕೆಜೋಳದ ಹೊಲದಲ್ಲಿ ಕೂರುತ್ತದೆ. ತರಗತಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗಲಾರದು.

ಈಗ ನಿಮ್ಮ ಮುಂದಿರುವ ದಾರಿಗಳು.

ನಾನಾದರೆ ಮೊದಲು ಕೈಯಾರೆ, ಶುದ್ಧವಾಗಿ ಕಾಪಿ ಮಾಡುತ್ತೇನೆ. ಪ್ರತಿ ತೆಗೆದಿಟ್ಟ ಮೇಲೆ ಸೆಟ್ಟಿನ ಜಿಪಿಎಕ್ಸ್ ಫೋಲ್ಡರಿನಲ್ಲಿರುವ ಹಳೆಯ ಕ್ಯಾಶ್ ಫೈಲುಗಳನ್ನೆಲ್ಲ ತೆಗೆದು, ಪಾಕೆಟ್ ಕ್ವೆರಿಯ ದೊಡ್ಡ ಫೈಲ್ ಒಂದನ್ನೇ ಹಾಕಿ, ಎಜೆಕ್ಟ್ ಮಾಡಿ, ಹೊರಗೆ ಹೋಗಿ ಆನ್ ಮಾಡುವುದು. ಒಂದು ಬಂದ ಮೇಲೆ ಇನ್ನೊಂದು. ನಾಲ್ಕು ಫೈಲ್ ಒಟ್ಟಿಗೆ ಹಾಕಿದರೆ ಕೆಟ್ಟದ್ದು ಯಾವುದೆಂದು ತಿಳಿಯುವುದಿಲ್ಲ. ಹೊಸ ಫೈಲ್ ಹಾಕಿದ ಮೇಲೆ ಮೊದಲ ಸಲ ಆನ್ ಆಗಲು ಹೆಚ್ಚು ಹೊತ್ತು ಬೇಕು, ಆಗ ಅದು ಪ್ರತಿ ಬಿಂದುವನ್ನೂ ಓದುತ್ತಿರುತ್ತದೆ. ಬಹಳ ಜನ ಸೆಟ್ ನಿಂತಿತು ಎಂದು ಬ್ಯಾಟರಿ ಕೀಳುವುದು ಈ ಹೊತ್ತಿನಲ್ಲೇ. ಹತ್ತು ನಿಮಿಷ ಕಾಯಿರಿ, ಹೊಸ ಬ್ಯಾಟರಿ ಹಾಕಿರಿ.

ನಿಜವಾಗಿಯೂ ಲೋಗೋದಲ್ಲೇ ನಿಂತರೆ ಹೀಗೆ ಮಾಡಿ: ಸೆಟ್ ಆಫ್ ಮಾಡಿ, ಮುಂದಿರುವ ಪುಟ್ಟ ಜಾಯ್‌ಸ್ಟಿಕ್ ಕಡ್ಡಿಯನ್ನು ಮೇಲಕ್ಕೆ ಒತ್ತಿ ಹಿಡಿದುಕೊಂಡೇ ಕೇಬಲ್ ಸೇರಿಸಿ, ಲ್ಯಾಪ್‌ಟಾಪಿನಲ್ಲಿ ಡ್ರೈವ್ ಬರುವ ತನಕ ಬಿಡಬೇಡಿ. ಫೈಲುಗಳನ್ನು ಓದದೆಯೇ ಅದು ಡ್ರೈವ್ ಆಗಿ ತೆರೆದುಕೊಳ್ಳುತ್ತದೆ. ಕೊನೆಗೆ ಹಾಕಿದ ಫೈಲನ್ನು ತೆಗೆಯಿರಿ. ಆಗಲೂ ನಿಂತರೆ ಜಿಪಿಎಕ್ಸ್ ಒಳಗಿನ ‘ಕರೆಂಟ್’ ಎಂಬ ಫೋಲ್ಡರಿನಲ್ಲಿರುವ ಫೈಲನ್ನೂ ಲ್ಯಾಪ್‌ಟಾಪಿಗೆ ಸಾಗಿಸಿ. ನಡೆದ ದಾರಿಯ ಚಾಲ್ತಿ ದಾಖಲೆ ಅದು, ಬ್ಯಾಟರಿ ಹಠಾತ್ತಾಗಿ ಹೋದಾಗ ಕೆಡುವ ಸಾಧ್ಯತೆ ಅದಕ್ಕೇ ಹೆಚ್ಚು. ಈ ದಾರಿಯಲ್ಲಿ ನಷ್ಟವೇನಿದ್ದರೂ ಒಂದು ದಿನದ ನಡಿಗೆಯ ಗೆರೆ.

ಎರಡನೆಯ ದಾರಿ ಮೈಕ್ರೋ ಎಸ್‌ಡಿ ಕಾರ್ಡ್. ಬ್ಯಾಟರಿಯ ಅಡಿಯಲ್ಲಿ ಅದಕ್ಕೆ ಜಾಗವಿದೆ. ಕಾರ್ಡಿನಲ್ಲಿ ಗಾರ್ಮಿನ್ ಫೋಲ್ಡರ್, ಅದರೊಳಗೆ ಜಿಪಿಎಕ್ಸ್ ಫೋಲ್ಡರ್ ಮಾಡಿ ಫೈಲುಗಳನ್ನು ಅಲ್ಲಿಡಿ. ಕೆಟ್ಟ ಫೈಲ್ ಬಂದರೆ ಕಾರ್ಡ್ ತೆಗೆದರಾಯಿತು, ಸೆಟ್ ಎದ್ದು ಕೂರುತ್ತದೆ. ಶಾಲೆಗೆ ಇದು ಕ್ಷೇಮ. ಆದರೆ ಅಗ್ಗದ ನಕಲಿ ಕಾರ್ಡ್ ಹಾಕಿದರೆ ಹೊಸ ತಲೆನೋವು. 32 ಜಿಬಿ ದಾಟುವ ಕಾರ್ಡೂ ಬೇಡ.

ತಂತ್ರಾಂಶಗಳ ಮೊರೆ ಹೋಗುವುದು ಮೂರನೆಯದು. ‘ಜಿಪಿಎಸ್‌ಬೇಬಲ್’ ಉಚಿತ, ಒಂದು ಬಗೆಯ ಫೈಲನ್ನು ಇನ್ನೊಂದಕ್ಕೆ ತಿರುಗಿಸುತ್ತದೆ. ‘ಜಿಸ್ಯಾಕ್’ ಜಿಯೋಕ್ಯಾಶಿಂಗಿಗೆಂದೇ ಬರೆದದ್ದು. ಒಂದು ಪಾಕೆಟ್ ಕ್ವೆರಿಗೆ 1000 ಕ್ಯಾಶ್ ಮಿತಿ. ಹಲವು ಕ್ವೆರಿಗಳನ್ನು ಒಟ್ಟುಗೂಡಿಸುವವರಿಗೆ ಇಂಥವು ಬೇಕು. ನಮ್ಮ ಜಿಲ್ಲೆಯ ಸುತ್ತಲಿನ ಕ್ಯಾಶ್‌ಗಳಿಗೆ ಇಷ್ಟೆಲ್ಲ ಸಲಕರಣೆ ಅತಿಯಾಯಿತು. ಪರಿವರ್ತನೆ ಮಾಡುವಾಗ ತಪ್ಪು ಆಯ್ಕೆ ಒತ್ತಿದರೆ ಗ್ರೌಂಡ್‌ಸ್ಪೀಕ್ ಭಾಗವೇ ಉದುರಿಹೋಗಿ ಮತ್ತೆ ಬಾವುಟಗಳೇ ಉಳಿಯುತ್ತವೆ.

ತಾಣದ ‘ಜಿಪಿಎಸ್‌ಗೆ ಕಳುಹಿಸು’ ಎಂಬ ಹಳೆಯ ಗುಂಡಿಯನ್ನು ನಿಮ್ಮ ಭಾಮೈದ ನೆನಪಿಸಿಕೊಳ್ಳಬಹುದು. ಅದು ಬ್ರೌಸರಿನೊಳಗೆ ಕೂರುವ ಗಾರ್ಮಿನ್ ಪ್ಲಗಿನ್ ನಂಬಿಕೊಂಡಿತ್ತು. 2015ರಲ್ಲಿ ಕ್ರೋಮ್, 2017ರಲ್ಲಿ ಫೈರ್‌ಫಾಕ್ಸ್ ಆ ಬಗೆಯ ಪ್ಲಗಿನ್‌ಗಳಿಗೆ ಬಾಗಿಲು ಹಾಕಿದವು. ಯಾವುದಾದರೂ ಹಳೆಯ ಬರಹ ನೋಡಿ ಆ ಪ್ಲಗಿನ್ ಹುಡುಕಿ ಇಳಿಸಬೇಡಿ. ಸಿಕ್ಕಿದರೂ ಅದರ ಜೊತೆ ಏನು ಬರುತ್ತದೋ ಯಾರು ಬಲ್ಲರು.

ಸೆಟ್ಟಿನ ಒಳತಂತ್ರಾಂಶವನ್ನು ಗಾರ್ಮಿನ್ ಎಕ್ಸ್‌ಪ್ರೆಸ್ ಎಂಬ ಕಂಪ್ಯೂಟರ್ ತಂತ್ರಾಂಶದ ಮೂಲಕ ನವೀಕರಿಸಬಹುದು, ಲೋಗೋದಲ್ಲಿ ನಿಲ್ಲುವ ಕಾಯಿಲೆ ಕೆಲವೊಮ್ಮೆ ಅದರಿಂದ ಹೋಗುತ್ತದೆ. ಆದರೆ ನಡುವೆ ಕರೆಂಟ್ ಹೋಗಿ ನವೀಕರಣ ಅರ್ಧಕ್ಕೆ ನಿಂತರೆ ಸೆಟ್ ಪೂರ್ತಿ ಮೂಕವಾಗಬಹುದು. ಲ್ಯಾಪ್‌ಟಾಪ್ ಬ್ಯಾಟರಿ ತುಂಬಿರಲಿ, ಸೆಟ್ಟಿನಲ್ಲೂ ಹೊಸ ಸೆಲ್ ಇರಲಿ. ಇದನ್ನು ನಾನು ಕೊನೆಗೆ ಇಡುತ್ತೇನೆ.

ಮೊಬೈಲ್? ಖಂಡಿತ ಬಳಸಬಹುದು, ಫೈಲ್ ಸಾಗಿಸುವ ಗೋಳೇ ಇಲ್ಲ. ಆದರೆ ಜೋಗಿಮಟ್ಟಿಯ ಕಡೆ ನೆಟ್‌ವರ್ಕ್ ನಂಬುವಂತಿಲ್ಲ, ಮೊದಲೇ ಇಳಿಸಿಟ್ಟುಕೊಳ್ಳಬೇಕು. ಬಿಸಿಲಿಗೆ ಮೊಬೈಲ್ ಪರದೆ ಮಸುಕಾಗುವ ಹೊತ್ತಿನಲ್ಲಿ ಈಟ್ರೆಕ್ಸ್ ಪರದೆ ಇನ್ನೂ ಚೆನ್ನಾಗಿ ಕಾಣುತ್ತದೆ, ಎರಡು ಎಎ ಸೆಲ್ ಹಾಕಿದರೆ ದಿನವಿಡೀ ನಡೆಯುತ್ತದೆ. ಮಕ್ಕಳ ಕೈಯಿಂದ ಬಂಡೆಯ ಮೇಲೆ ಬಿದ್ದರೂ ಬದುಕುವ ಸಂಭವ ಹೆಚ್ಚು. ಸೆಟ್ ಮಕ್ಕಳ ಕೈಯಲ್ಲಿ, ಮೊಬೈಲ್ ನಿಮ್ಮ ಜೇಬಿನಲ್ಲಿ ಇರಲಿ.

ಕೊನೆಗೆ ಜಾಗದ ಬಗ್ಗೆ ಎರಡು ಮಾತು, ನೀವು ಕೇಳದಿದ್ದರೂ. ಏಳು ಸುತ್ತಿನ ಕೋಟೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಮಕ್ಕಳ ಕೈಯಲ್ಲಿ ಹೊಸ ಡಬ್ಬಿ ಇಡಿಸುವ ಯೋಚನೆಯಿದ್ದರೆ ಕೋಟೆಯೊಳಗೆ ಬೇಡ. ಡಬ್ಬಿಗಾಗಿ ನೆಲ ಅಗೆಯುವುದಂತೂ ಆಟದ ನಿಯಮಕ್ಕೇ ವಿರುದ್ಧ. ಡಬ್ಬಿಯೇ ಇಲ್ಲದ, ಭೂರಚನೆ ನೋಡಿ ಉತ್ತರ ಬರೆಯುವ ‘ಅರ್ಥ್‌ಕ್ಯಾಶ್’ ಎಂಬ ಬಗೆಯಿದೆ, ನಮ್ಮ ಬಂಡೆಗಳಿಗೆ ಅದು ಹೇಳಿಮಾಡಿಸಿದಂತಿದೆ. ಓಬವ್ವನ ಕಿಂಡಿಯಂಥ ಕಡೆ, ಎರಡೂ ಬದಿ ಕಲ್ಲು ಎದ್ದು ನಿಂತಲ್ಲಿ, ಸೆಟ್ ತೋರಿಸುವ ಸ್ಥಾನ ಹತ್ತಿಪ್ಪತ್ತು ಮೀಟರ್ ಅತ್ತಿತ್ತ ಕುಣಿಯುತ್ತದೆ. ಉಪಗ್ರಹದ ಸಂಕೇತ ಬಂಡೆಗೆ ಬಡಿದು ಬರುವುದರಿಂದ ಹಾಗೆ. ಫೈಲಿನ ಮೇಲೆ ಅನುಮಾನಪಡಬೇಡಿ.

ಇಷ್ಟೆಲ್ಲ ಮಾಡಿಯೂ ಮೆನು ಖಾಲಿಯೇ ಇದ್ದರೆ ಎರಡು ವಿವರ ಬರೆದು ಕಳುಹಿಸಿ: ಸೆಟ್ಟಿನ ‘ಅಬೌಟ್’ ಪುಟದಲ್ಲಿರುವ ತಂತ್ರಾಂಶದ ಆವೃತ್ತಿ ಸಂಖ್ಯೆ, ಮತ್ತು ಬ್ರೌಸರಿನಲ್ಲಿ ತೆರೆದಾಗ ಬಂದ ದೋಷದ ಸಾಲು. ಫೈಲನ್ನೂ ಜೊತೆಗೆ ಕಳುಹಿಸುವುದಾದರೆ ತಾಣದಿಂದ ಇಳಿಸಿದ ಮೂಲ ಜಿಪ್ ಕಳುಹಿಸಿ, ವಾಟ್ಸ್ಆ್ಯಪ್‌ನದ್ದಲ್ಲ.